‘ಸೇರಿಸು’ ಎಂಬ ಒಂದು ಮಾತಿಗೆ ಇಂಗ್ಲಿಷಿನಲ್ಲಿ ಸರಿಯಾದ ಪದವನ್ನು ಆರಿಸಿಕೊಳ್ಳುವ ಬಗೆ

ಉಡುಪಿಯ ಹತ್ತಿರದ ಹಳ್ಳಿಯೊಂದರ ಮಹಿಳಾ ಸ್ವಸಹಾಯ ಸಂಘದವರು ತಾವು ಮಾಡಿ ಮಾರುವ ಕಷಾಯದ ಪುಡಿಯ ಪೊಟ್ಟಣಕ್ಕೆ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು, ಅಚ್ಚಿಗೆ ಕೊಡುವ ಮೊದಲು ಒಮ್ಮೆ ನೋಡಿಕೊಡಿ ಎಂದು ನನ್ನಲ್ಲಿಗೆ ತಂದಿದ್ದರು. ಕೊತ್ತಂಬರಿ, ಜೀರಿಗೆ, ಒಳ್ಳೆಮೆಣಸು (ಕಾಳುಮೆಣಸು), ಮೆಂತ್ಯ, ಸೋಂಪು, ಒಣಶುಂಠಿ ಇಷ್ಟನ್ನೂ ಹದವಾಗಿ ಹುರಿದು, ಪುಡಿ ಮಾಡಿ, ಬೆರೆಸಿದ್ದೇವೆ ಎಂಬುದು ಅವರು ಹೇಳಬೇಕಾಗಿದ್ದ ಮಾತು. ಶಬ್ದಕೋಶದಲ್ಲಿ ‘ಬೆರಕೆ ಮಾಡು’ ಎಂಬಲ್ಲಿ ಸಿಕ್ಕಿದ ಪದವನ್ನು ನಂಬಿ ಅವರು ಬರೆದದ್ದು ‘ಅಡಲ್ಟರೇಟೆಡ್ ವಿತ್ ಸಿಕ್ಸ್ ಸ್ಪೈಸಸ್’ ಎಂದು. ಇಂಗ್ಲಿಷ್ ಬಲ್ಲವರು ಅದನ್ನು ಓದಿದರೆ ಸಿಗುವ ಅರ್ಥ, ಈ ಪುಡಿ ಕಲಬೆರಕೆಯದು ಎಂದೇ. ಪದಾರ್ಥ ಶುದ್ಧವಾಗಿತ್ತು, ಶ್ರಮ ಪ್ರಾಮಾಣಿಕವಾಗಿತ್ತು, ಒಂದು ಕ್ರಿಯಾಪದ ಮಾತ್ರ ಅವೆರಡನ್ನೂ ಅಲ್ಲಗಳೆಯುತ್ತಿತ್ತು. ‘ಎ ಬ್ಲೆಂಡ್ ಆಫ್ ಸಿಕ್ಸ್ ರೋಸ್ಟೆಡ್ ಸ್ಪೈಸಸ್’ ಎಂದು ತಿದ್ದಿ ಕೊಟ್ಟೆ. ಅಂದಿನಿಂದ ಈ ಒಂದು ಪದಗುಂಪನ್ನು ನನ್ನ ತರಗತಿಗಳಲ್ಲಿ ವಿಶೇಷ ಕಾಳಜಿಯಿಂದ ಹೇಳಿಕೊಡುತ್ತಾ ಬಂದಿದ್ದೇನೆ.

ತೊಡಕು ಹುಟ್ಟುವುದು ಇಂಗ್ಲಿಷಿನಲ್ಲಿ ಅಲ್ಲ, ನಮ್ಮ ‘ಸೇರಿಸು’ ಎಂಬ ಕ್ರಿಯಾಪದದಲ್ಲಿ. ಸಾರಿಗೆ ಉಪ್ಪು ಸೇರಿಸುತ್ತೇವೆ, ಮಗುವನ್ನು ಶಾಲೆಗೆ ಸೇರಿಸುತ್ತೇವೆ, ಪಟ್ಟಿಗೆ ಹೆಸರು ಸೇರಿಸುತ್ತೇವೆ, ತುಂಡಾದ ಹಗ್ಗವನ್ನು ಸೇರಿಸುತ್ತೇವೆ, ಸಭೆಗೆ ಜನ ಸೇರಿಸುತ್ತೇವೆ. ಇಂಗ್ಲಿಷಿನಲ್ಲಿ ಇವು ಕ್ರಮವಾಗಿ ‘ಆ್ಯಡ್’, ‘ಎನ್‌ರೋಲ್’, ‘ಇನ್‌ಕ್ಲೂಡ್’, ‘ಜಾಯಿನ್’, ‘ಗ್ಯಾದರ್’ ಆಗುತ್ತವೆ. ಹಾಗೆಂದು ಕನ್ನಡ ಸೂಕ್ಷ್ಮವಿಲ್ಲದ ಭಾಷೆ ಎಂದು ತಿಳಿಯಬಾರದು. ಕಲಸು, ಬೆರೆಸು, ಕದಡು, ನಾದು, ಕರಗಿಸು, ಕೂಡಿಸು, ಬೆಸೆ, ಹೆಣೆ, ಒಗ್ಗೂಡಿಸು, ವಿಲೀನಗೊಳಿಸು ಎಂದು ನಮ್ಮಲ್ಲಿಯೇ ಒಂದೊಂದು ಬಗೆಯ ಕೂಡುವಿಕೆಗೆ ಒಂದೊಂದು ಮಾತಿದೆ. ಅವಸರದಲ್ಲಿ ಅವೆಲ್ಲವನ್ನೂ ಬಿಟ್ಟು ‘ಸೇರಿಸು’ ಎಂಬಲ್ಲಿಗೆ ಬಂದು ನಿಲ್ಲುತ್ತೇವೆ, ಆ ಮೇಲೆ ಇಂಗ್ಲಿಷಿನಲ್ಲಿಯೂ ‘ಮಿಕ್ಸ್’ ಅಥವಾ ‘ಜಾಯಿನ್’ ಎಂಬ ಎರಡು ಪದಗಳಲ್ಲಿಯೇ ಎಲ್ಲವನ್ನೂ ಮುಗಿಸುತ್ತೇವೆ.

ಆದುದರಿಂದ ನಾನು ಹೇಳಿಕೊಡುವ ಮೊದಲ ಹೆಜ್ಜೆ ಕನ್ನಡದೊಳಗೇ ಇದೆ. ಇಂಗ್ಲಿಷ್ ವಾಕ್ಯಕ್ಕೆ ಕೈಹಾಕುವ ಮೊದಲು ‘ಸೇರಿಸು’ ಎಂಬುದನ್ನು ಹೊಡೆದುಹಾಕಿ ಅಲ್ಲಿ ಇನ್ನೂ ನಿಖರವಾದ ಕನ್ನಡ ಕ್ರಿಯಾಪದವೊಂದನ್ನು ಬರೆಯಿರಿ. ಬಳಿಕ ಆ ವಸ್ತುಗಳನ್ನು ಕಣ್ಣಮುಂದೆ ತಂದುಕೊಂಡು ಕೇಳಿಕೊಳ್ಳಿ: ಕೂಡಿದ ಮೇಲೆ ಬಿಡಿಬಿಡಿಯಾಗಿ ಕಾಣುತ್ತವೆಯೇ? ಬೇಕೆಂದರೆ ಮತ್ತೆ ಬೇರ್ಪಡಿಸಬಹುದೇ? ಎಲ್ಲಕ್ಕೂ ಅವುಗಳ ಹೆಸರು ಉಳಿಯಿತೇ, ಅಥವಾ ಒಂದು ಇನ್ನೊಂದರೊಳಗೆ ಅಡಗಿತೇ? ಕೂಡಿಸಿದವರ ಉದ್ದೇಶ ಒಳ್ಳೆಯದೇ, ಮೋಸವೇ? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದರೆ ಇಂಗ್ಲಿಷ್ ಪದ ಹೆಚ್ಚುಕಡಿಮೆ ತಾನಾಗಿಯೇ ಸಿಗುತ್ತದೆ.

ಅಡುಗೆಮನೆಯಿಂದ ಆರಂಭ

ಈ ಪದಗಳನ್ನು ಕಲಿಯಲು ಅಡುಗೆಮನೆಗಿಂತ ಒಳ್ಳೆಯ ಶಾಲೆ ಇಲ್ಲ, ಏಕೆಂದರೆ ಅಲ್ಲಿ ಅರ್ಥವನ್ನು ಕೈಯಿಂದ ಮುಟ್ಟಿ ನೋಡಬಹುದು. ಮಂಗಳೂರಿನ ಬೀದಿಬದಿಯಲ್ಲಿ ಚುರುಮುರಿ ಮಾಡುವವರನ್ನು ಗಮನಿಸಿ. ಚುರುಮುರಿ, ಹೆಚ್ಚಿದ ನೀರುಳ್ಳಿ, ಟೊಮೆಟೊ, ಮಾವಿನಕಾಯಿಯ ಚೂರು, ಮೆಣಸಿನ ಪುಡಿ, ಮೇಲೆ ಒಂದಿಷ್ಟು ತೆಂಗಿನೆಣ್ಣೆ ಹಾಕಿ ಅವರು ಪಾತ್ರೆಯನ್ನು ಕುಲುಕುತ್ತಾ ಚಮಚದಿಂದ ಮೇಲೆ ಕೆಳಗೆ ಮಾಡುತ್ತಾರೆ. ಕೊನೆಗೂ ನೀರುಳ್ಳಿ ನೀರುಳ್ಳಿಯಾಗಿಯೇ, ಮಾವಿನಕಾಯಿ ಮಾವಿನಕಾಯಿಯಾಗಿಯೇ ಕಾಣುತ್ತದೆ. ಇದು ‘ಮಿಕ್ಸ್’. ಹಗುರವಾಗಿ ಎತ್ತಿ ಬೀಳಿಸುವ ಕ್ರಮವನ್ನು ವಿಶೇಷವಾಗಿ ಹೇಳಬೇಕಾದರೆ ‘ಟಾಸ್’. ಹೆಸರುಬೇಳೆಯ ಕೋಸಂಬರಿಗೂ ಇದೇ ಪದ ಸಲ್ಲುತ್ತದೆ. ಕಷಾಯದ ಪುಡಿಯಲ್ಲಿಯಾದರೋ ಬೇರೆ ಬೇರೆ ಪದಾರ್ಥಗಳ ಗುರುತು ಅಳಿದು, ಎಲ್ಲವೂ ಕೂಡಿ ಒಂದೇ ರುಚಿ, ಒಂದೇ ಪರಿಮಳವಾಗುತ್ತದೆ. ಅದು ‘ಬ್ಲೆಂಡ್’. ‘ಮಿಕ್ಸ್’ ಎಂಬುದು ಕೆಲಸವನ್ನಷ್ಟೇ ಹೇಳುತ್ತದೆ, ‘ಬ್ಲೆಂಡ್’ ಎಂಬುದು ಆ ಕೆಲಸದ ಹದವನ್ನೂ ಹೊಂದಾಣಿಕೆಯನ್ನೂ ಹೇಳುತ್ತದೆ ಎಂಬುದು ಈ ಎರಡು ಪದಗಳ ನಡುವಿನ ನಿಜವಾದ ವ್ಯತ್ಯಾಸ.

ಇಡ್ಲಿಯ ಹಿಟ್ಟು ಇನ್ನೊಂದು ಪಾಠ. ನಮ್ಮ ಮನೆಗಳಲ್ಲಿ ಉದ್ದನ್ನು ನೊರೆನೊರೆಯಾಗುವವರೆಗೆ ರುಬ್ಬಿ, ತೊಳೆದು ಹಿಂಡಿದ ಅಕ್ಕಿತರಿಯನ್ನು ಅದರೊಳಗೆ ನಿಧಾನವಾಗಿ, ಕೈಯನ್ನು ಪಾತ್ರೆಯ ತಳದಿಂದ ಮೇಲಕ್ಕೆ ತಿರುಗಿಸುತ್ತಾ ಬೆರೆಸುತ್ತಾರೆ. ಜೋರಾಗಿ ಕಲಸಿದರೆ ಹಿಟ್ಟಿನೊಳಗಿನ ಗಾಳಿ ಹೋಗುತ್ತದೆಂದು ಹಿರಿಯರು ಎಚ್ಚರಿಸುತ್ತಾರೆ. ಈ ಕೈಚಲನೆಗೆ ಇಂಗ್ಲಿಷಿನಲ್ಲಿ ‘ಫೋಲ್ಡ್’ ಎನ್ನುತ್ತಾರೆ. ಬಟ್ಟೆ ಮಡಚುವ ಪದವೇ ಇಲ್ಲಿ ಗಾಳಿ ಹೋಗದಂತೆ ಬೆರೆಸುವುದಕ್ಕೆ ಸಲ್ಲುತ್ತದೆ. ಮಂಗಳೂರು ಬನ್ಸ್ ಮಾಡುವಾಗ ಹಾಗಲ್ಲ. ಕಳಿತ ಬಾಳೆಹಣ್ಣನ್ನು ಕಿವುಚುವುದು ‘ಮ್ಯಾಶ್’, ಅದಕ್ಕೆ ಸಕ್ಕರೆ, ಮೊಸರು, ಜೀರಿಗೆ, ಮೈದಾ ಹಾಕಿ ಕಲಸುವುದು ‘ಮಿಕ್ಸ್’, ಬಳಿಕ ಮೆತ್ತಗಾಗುವಂತೆ ನಾದುವುದು ‘ನೀಡ್’. ಈ ಕೊನೆಯ ಪದವನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಮೊದಲಲ್ಲಿ ಉಚ್ಚಾರವಿಲ್ಲದ ‘ಕೆ’ ಅಕ್ಷರ ಬರುತ್ತದೆ. ‘ಬೇಕು’ ಎಂಬ ಅರ್ಥದ ಇನ್ನೊಂದು ಪದದ ಉಚ್ಚಾರವೂ ಇದೇ ಆಗಿದ್ದು ಬರಹ ಮಾತ್ರ ಬೇರೆ ಇರುವುದರಿಂದ ಪಾಕವಿಧಾನ ಬರೆಯುವವರು ಜಾಗ್ರತೆ ವಹಿಸಬೇಕು.

ಬೆಲ್ಲವನ್ನು ನೀರಿನಲ್ಲಿ ಕರಗಿಸುವುದು ‘ಡಿಸಾಲ್ವ್’. ಬೆಲ್ಲ ಕಣ್ಣಿಗೆ ಕಾಣದೆ ಹೋದರೂ ನೀರನ್ನು ಬತ್ತಿಸಿದರೆ ಮರಳಿ ಸಿಗುತ್ತದೆ. ಬೆಣ್ಣೆಯನ್ನು ಬಿಸಿ ಮಾಡಿ ಕರಗಿಸುವುದು ‘ಮೆಲ್ಟ್’. ಕನ್ನಡದಲ್ಲಿ ಎರಡಕ್ಕೂ ‘ಕರಗಿಸು’ ಎನ್ನುವುದರಿಂದ ಇಲ್ಲಿ ತಪ್ಪು ಬಹಳ. ನೀರುದೋಸೆಯ ಹಿಟ್ಟಿಗೆ ನೀರು ಹಾಕಿ ತೆಳ್ಳಗೆ ಮಾಡುವುದು ‘ಥಿನ್’, ಶರಬತ್ತಿಗೋ ಔಷಧಕ್ಕೋ ನೀರು ಬೆರೆಸಿ ಅದರ ತೀಕ್ಷ್ಣತೆಯನ್ನು ಇಳಿಸುವುದು ‘ಡೈಲ್ಯೂಟ್’. ಲಾವಂಚದ ಬೇರನ್ನು ಕುಡಿಯುವ ನೀರಿನಲ್ಲಿ ಹಾಕಿಟ್ಟಾಗ ಬೇರು ಬೇರೆಯೇ ಉಳಿಯುತ್ತದೆ, ಪರಿಮಳ ಮಾತ್ರ ನೀರಿಗೆ ಇಳಿಯುತ್ತದೆ. ಅದು ‘ಇನ್‌ಫ್ಯೂಸ್’. ನಾವು ಮಿಕ್ಸಿ ಎನ್ನುವ ಯಂತ್ರದ ಹೆಸರು ಭಾರತದ ಇಂಗ್ಲಿಷಿನಲ್ಲಿ ಹುಟ್ಟಿದ್ದು. ಇಂಗ್ಲೆಂಡ್, ಅಮೆರಿಕಗಳಲ್ಲಿ ಹಣ್ಣಿನ ರಸ ತಿರುಗಿಸುವ ಯಂತ್ರ ‘ಬ್ಲೆಂಡರ್’, ಕೇಕಿನ ಹಿಟ್ಟು ಕಲಸುವುದು ‘ಮಿಕ್ಸರ್’. ತೆಂಗಿನಕಾಯಿಯ ಮಸಾಲೆಯನ್ನು ನುಣ್ಣಗೆ ರುಬ್ಬುವ ಕೆಲಸ ಮಾತ್ರ ಎಲ್ಲಿಯೇ ಆದರೂ ‘ಗ್ರೈಂಡ್’.

ಉಡುಪಿ, ಮಂಗಳೂರುಗಳ ಐಸ್‌ಕ್ರೀಮ್ ಅಂಗಡಿಗಳಲ್ಲಿ ಸಿಗುವ ಗಡ್‌ಬಡ್‌ನ ಹೆಸರಿನಲ್ಲಿ ಗಡಿಬಿಡಿ ಇದ್ದರೂ ಲೋಟದಲ್ಲಿ ಇರುವುದು ಕ್ರಮ. ಐಸ್‌ಕ್ರೀಮ್, ಜೆಲ್ಲಿ, ಹಣ್ಣಿನ ಹೋಳು, ಒಣಹಣ್ಣು ಎಲ್ಲವೂ ಪದರ ಪದರವಾಗಿ ನಿಂತಿರುತ್ತವೆ. ಅದನ್ನು ವಿವರಿಸುವಾಗ ‘ಬ್ಲೆಂಡೆಡ್’ ಎಂದರೆ ಪರವೂರಿನ ಓದುಗರು ಮಿಲ್ಕ್‌ಶೇಕ್ ಎಂದು ಭಾವಿಸುತ್ತಾರೆ. ಅಲ್ಲಿಗೆ ‘ಲೇಯರ್ಡ್’ ಎಂಬುದೇ ಸರಿ.

ಮನೆಯಲ್ಲಿ ಚಿಕೋರಿ ಬೆರೆಸಿದ ಕಾಫಿಪುಡಿಯ ಪೊಟ್ಟಣ ಇದ್ದರೆ ಅದರ ಮೇಲಿನ ಸಣ್ಣ ಅಕ್ಷರಗಳನ್ನು ಓದಿ ನೋಡಿ. ಕಾಫಿ ‘ಬ್ಲೆಂಡೆಡ್ ವಿತ್’ ಚಿಕೋರಿ ಎಂದು ಮೊದಲ ವಾಕ್ಯ, ಈ ‘ಮಿಕ್ಸ್‌ಚರ್’ನಲ್ಲಿ ಕಾಫಿ ಇಷ್ಟು ಶೇಕಡಾ, ಚಿಕೋರಿ ಇಷ್ಟು ಶೇಕಡಾ ಎಂದು ಎರಡನೆಯ ವಾಕ್ಯ ಇರುತ್ತದೆ. ನಿಯಮವೇ ಈ ಮಾತುಗಳನ್ನು ಗೊತ್ತುಮಾಡಿದೆ. ಅಡುಗೆ ಎಣ್ಣೆಯಲ್ಲಿಯೂ ಹಾಗೆಯೇ: ಎರಡು ಬಗೆಯ ಸಸ್ಯಜನ್ಯ ಎಣ್ಣೆಗಳನ್ನು, ಯಾವುದೂ ಶೇಕಡಾ 20ಕ್ಕೆ ಕಡಿಮೆಯಾಗದಂತೆ ಬೆರೆಸಿ, ಪೊಟ್ಟಣದ ಮೇಲೆ ಹೇಳಿ ಮಾರಿದರೆ ಅದು ‘ಬ್ಲೆಂಡೆಡ್’ ಎಣ್ಣೆ. ಅಗ್ಗದ ಎಣ್ಣೆಯನ್ನು ಹೇಳದೆ ಬೆರೆಸಿ, ಶುದ್ಧ ತೆಂಗಿನೆಣ್ಣೆ ಎಂದು ಮಾರಿದರೆ ಅದು ‘ಅಡಲ್ಟರೇಟೆಡ್’. ಪಾತ್ರೆಯೊಳಗೆ ನಡೆಯುವ ಕ್ರಿಯೆ ಒಂದೇ ಇರಬಹುದು, ಪದವನ್ನು ನಿರ್ಧರಿಸುವುದು ಪ್ರಾಮಾಣಿಕತೆ. ಸ್ವಸಹಾಯ ಸಂಘದವರಿಗೆ ನಾನು ವಿವರಿಸಿದ್ದೂ ಇದನ್ನೇ.

ನಾಲ್ಕು ಬ್ಯಾಂಕುಗಳು ಕಲಿಸುವ ಪಾಠ

ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಹುಟ್ಟಿ ಬೆಳೆದವರಿಗೆ ‘ಮರ್ಜ್’ ಎಂಬ ಪದ ಮನೆಮಾತಾದದ್ದು ಬ್ಯಾಂಕುಗಳಿಂದ. 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಸ್ಥಾಪಿಸಿದ ಸಂಸ್ಥೆ ಮುಂದೆ ಕೆನರಾ ಬ್ಯಾಂಕ್ ಆಯಿತು. ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರ ಮುಂದಾಳತ್ವದಲ್ಲಿ ಕಾರ್ಪೊರೇಷನ್ ಬ್ಯಾಂಕಿನ ಮೂಲ ಸಂಸ್ಥೆ ಆರಂಭವಾಯಿತು. 1925ರಲ್ಲಿ ಉಡುಪಿಯಲ್ಲಿ ಮೊದಲಾಗಿ, ಬಳಿಕ ಮಣಿಪಾಲದಲ್ಲಿ ನೆಲೆಯೂರಿದ ಸಿಂಡಿಕೇಟ್ ಬ್ಯಾಂಕ್ ಮೂರನೆಯದು, 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ ನಾಲ್ಕನೆಯದು. 2019ರ ಏಪ್ರಿಲ್ 1ರಂದು ವಿಜಯಾ ಬ್ಯಾಂಕ್ ಮತ್ತು ದೇನಾ ಬ್ಯಾಂಕ್‌ಗಳು ಬ್ಯಾಂಕ್ ಆಫ್ ಬರೋಡಾದಲ್ಲಿ ವಿಲೀನವಾದವು. ಸರಿಯಾಗಿ ಒಂದು ವರ್ಷದ ಬಳಿಕ, 2020ರ ಏಪ್ರಿಲ್ 1ರಂದು, ಸಿಂಡಿಕೇಟ್ ಬ್ಯಾಂಕ್ ಕೆನರಾ ಬ್ಯಾಂಕಿನಲ್ಲಿಯೂ ಕಾರ್ಪೊರೇಷನ್ ಬ್ಯಾಂಕ್ ಮತ್ತು ಆಂಧ್ರ ಬ್ಯಾಂಕ್‌ಗಳು ಯೂನಿಯನ್ ಬ್ಯಾಂಕ್ ಆಫ್ ಇಂಡಿಯಾದಲ್ಲಿಯೂ ವಿಲೀನವಾದವು. ನಾಲ್ಕು ಫಲಕಗಳಲ್ಲಿ ಇಂದು ಅದೇ ಹೆಸರಿನಲ್ಲಿ ಉಳಿದಿರುವುದು ಒಂದು.

‘ಮರ್ಜ್’ ಎಂಬುದರ ಲ್ಯಾಟಿನ್ ಮೂಲಕ್ಕೆ ಮುಳುಗಿಸು, ಅದ್ದು ಎಂಬ ಅರ್ಥವಿದೆ. ‘ಸಬ್‌ಮರ್ಜ್’ ಎಂದರೆ ನೀರಿನಲ್ಲಿ ಮುಳುಗುವುದು, ‘ಎಮರ್ಜ್’ ಎಂದರೆ ಒಳಗಿನಿಂದ ಮೇಲೆದ್ದು ಬರುವುದು ಎಂಬುದನ್ನು ನೆನಪಿಟ್ಟರೆ ಈ ಕುಟುಂಬ ಪೂರ್ತಿ ಅರ್ಥವಾಗುತ್ತದೆ. ನಮ್ಮ ‘ವಿಲೀನ’ ಎಂಬ ಪದದ ಒಳಗಿರುವುದು ಕರಗಿಹೋಗುವ ಚಿತ್ರ. ಎರಡು ಭಾಷೆಗಳೂ ನೀರಿನ ಬಳಿಗೇ ಹೋಗಿ ಈ ಮಾತನ್ನು ತಂದಿವೆ ಎಂಬುದನ್ನು ತರಗತಿಯಲ್ಲಿ ಹೇಳುವಾಗ ನನಗೆ ಪ್ರತಿಸಲವೂ ಸಂತೋಷವಾಗುತ್ತದೆ.

ಈ ಚಿತ್ರ ಮನಸ್ಸಿನಲ್ಲಿದ್ದರೆ ವಾಕ್ಯರಚನೆಯೂ ಸರಿಹೋಗುತ್ತದೆ. ಮುಳುಗುವುದು ಯಾವುದೋ ಅದು ‘ಮರ್ಜ್ಡ್ ಇಂಟು’ ಎಂಬುದಕ್ಕಿಂತ ಮೊದಲು ಬರಬೇಕು, ಉಳಿಯುವುದು ಯಾವುದೋ ಅದು ಅನಂತರ. ಸಿಂಡಿಕೇಟ್ ಬ್ಯಾಂಕ್ ‘ಮರ್ಜ್ಡ್ ಇಂಟು’ ಕೆನರಾ ಬ್ಯಾಂಕ್ ಎಂಬುದು ಸರಿ. ಹೆಸರುಗಳನ್ನು ಅದಲುಬದಲು ಮಾಡಿದರೆ ವ್ಯಾಕರಣ ಸರಿಯಿದ್ದರೂ ಇತಿಹಾಸ ತಪ್ಪುತ್ತದೆ. ‘ಮರ್ಜ್ಡ್ ವಿತ್’ ಎಂದು ಬರೆದರೆ ಎರಡೂ ಕೂಡಿದವು ಎಂದಷ್ಟೇ ತಿಳಿಯುತ್ತದೆ, ಯಾವುದರ ಹೆಸರು ಉಳಿಯಿತು ಎಂಬುದು ಆ ಪದದಿಂದ ತಿಳಿಯುವುದಿಲ್ಲ. ದೊಡ್ಡದು ಚಿಕ್ಕದನ್ನು ಒಳಗೆಳೆದುಕೊಂಡಿತು ಎಂದು ದೊಡ್ಡದರ ಕಡೆಯಿಂದ ಹೇಳಬೇಕಾದರೆ ‘ಅಬ್ಸಾರ್ಬ್’ ಇದೆ. ಸರ್ಕಾರದ ವಿಲೀನ ಯೋಜನೆಗಳ ಹೆಸರಿನಲ್ಲಿ ಇರುವುದು ‘ಅಮಾಲ್ಗಮೇಷನ್’. ಅದು ಕಾನೂನಿನ ಭಾಷೆ. ವಾಣಿಜ್ಯ ಪದವಿಯ ವಿದ್ಯಾರ್ಥಿಗಳು ಇನ್ನೊಂದು ಭೇದವನ್ನು ಬಲ್ಲರು: ಸಾಂಪ್ರದಾಯಿಕ ಲೆಕ್ಕಶಾಸ್ತ್ರದ ಪಾಠಗಳಲ್ಲಿ ಹಳೆಯ ಕಂಪೆನಿಗಳೆಲ್ಲ ಮುಚ್ಚಿ ಹೊಸದೊಂದು ಹುಟ್ಟಿದರೆ ‘ಅಮಾಲ್ಗಮೇಷನ್’, ಇದ್ದ ಕಂಪೆನಿಯೇ ಇನ್ನೊಂದನ್ನು ಒಳಗೊಂಡರೆ ‘ಅಬ್ಸಾರ್ಪ್ಶನ್’. ಪರೀಕ್ಷೆಯಲ್ಲಿ ಈ ಭೇದವನ್ನು ಪಾಲಿಸಬೇಕು, ಪತ್ರಿಕೆಗೆ ಬರೆಯುವಾಗ ‘ಮರ್ಜರ್’ ಸಾಕು.

ವಿಲೀನದ ನಂತರ ಒಂದೇ ಬೀದಿಯಲ್ಲಿ ಎದುರುಬದುರಾಗಿದ್ದ ಎರಡು ಶಾಖೆಗಳನ್ನು ಒಂದು ಮಾಡುವುದನ್ನು ವಿವರಿಸುತ್ತಾ ನನ್ನ ವಿದ್ಯಾರ್ಥಿನಿಯೊಬ್ಬಳು ‘ದ ಟೂ ಬ್ರಾಂಚಸ್ ವರ್ ಮಿಕ್ಸ್ಡ್’ ಎಂದು ಬರೆದಿದ್ದಳು. ಮಿಕ್ಸ್ ಆಗುವುದು ಪದಾರ್ಥ, ಜನ, ಭಾವನೆ, ಶಬ್ದ ಇತ್ಯಾದಿ. ಕಚೇರಿ, ಇಲಾಖೆ, ಶಾಲೆ, ಪಕ್ಷ ಮುಂತಾದ ವ್ಯವಸ್ಥೆಗಳಿಗೆ ‘ಮರ್ಜ್’ ಅಥವಾ ‘ಕನ್ಸಾಲಿಡೇಟ್’ ಬೇಕು. ಈ ಎರಡನೆಯ ಪದದಲ್ಲಿ ಚದುರಿದ್ದನ್ನು ಒಂದುಗೂಡಿಸಿ ಗಟ್ಟಿಮಾಡುವ ಅರ್ಥವಿದೆ. ನಾಲ್ಕು ಸಣ್ಣ ಸಾಲಗಳನ್ನು ಒಂದೇ ಸಾಲವಾಗಿ ಮಾಡಿಸಿಕೊಳ್ಳುವುದು, ಭತ್ಯೆಗಳನ್ನೆಲ್ಲ ಒಟ್ಟುಮಾಡಿ ಒಂದೇ ಮೊತ್ತದ ಸಂಬಳ ನಿಗದಿಮಾಡುವುದು, ಇವಕ್ಕೆಲ್ಲ ಇದೇ ಪದ. ಪ್ರವಾಸಕ್ಕೆ ಗೆಳೆಯರೆಲ್ಲ ಹಣ ಒಟ್ಟುಹಾಕುವುದಾದರೆ ‘ಪೂಲ್’ ಎಂಬ ಚಿಕ್ಕ ಪದ ಸಾಕು.

ಕಂಪ್ಯೂಟರಿನಲ್ಲಿ ಎಕ್ಸೆಲ್ ಬಳಸುವವರಿಗೆ ‘ಮರ್ಜ್’ನ ಮುಳುಗಿಸುವ ಗುಣ ಕಣ್ಣಾರೆ ಕಾಣುತ್ತದೆ. ತುಂಬಿದ ಎರಡು ಮೂರು ಕೋಶಗಳನ್ನು ಮರ್ಜ್ ಮಾಡಿದರೆ ಎಡ ಮೇಲ್ತುದಿಯ ಕೋಶದಲ್ಲಿದ್ದದ್ದು ಮಾತ್ರ ಉಳಿಯುತ್ತದೆ, ಉಳಿದುದೆಲ್ಲ ಅಳಿಯುತ್ತದೆ. ಎಲ್ಲ ಕೋಶಗಳ ಬರಹವೂ ಬೇಕೆಂದಾದರೆ ಮರ್ಜ್ ಮಾಡದೆ, ಸೂತ್ರದ ಮೂಲಕ ‘ಕಂಬೈನ್’ ಮಾಡಬೇಕು. ‘ಕಂಬೈನ್’ ಎಂಬಲ್ಲಿ ಯಾರೂ ಮುಳುಗುವುದಿಲ್ಲ. ಎರಡೂ ತಮ್ಮ ತಮ್ಮ ಬಲವನ್ನು ಇಟ್ಟುಕೊಂಡೇ ಜೊತೆಯಾಗುತ್ತವೆ.

ಹೊಳೆ, ದಾರಿ, ಮಳೆಹನಿ

ಉಪ್ಪಿನಂಗಡಿಯಲ್ಲಿ ಕುಮಾರಧಾರಾ ನದಿ ನೇತ್ರಾವತಿಯನ್ನು ಕೂಡುತ್ತದೆ. ಈ ಸಂಗಮಕ್ಕೆ ಇಂಗ್ಲಿಷಿನಲ್ಲಿ ‘ಕಾನ್‌ಫ್ಲುಯೆನ್ಸ್’ ಎಂಬ ಸೊಗಸಾದ ಪದವಿದೆ. ‘ಜೊತೆಯಾಗಿ ಹರಿಯುವುದು’ ಎಂಬುದು ಅದರ ಮೂಲಾರ್ಥ. ಕ್ರಿಯಾಪದ ಬೇಕಾದಾಗ ‘ಮೀಟ್’ ಅಥವಾ ‘ಜಾಯಿನ್’ ಬಳಸುತ್ತಾರೆ, ‘ಮಿಕ್ಸ್’ ಅಲ್ಲ. ಅಲ್ಲಿಂದ ಮುಂದೆ ಹರಿದ ನೇತ್ರಾವತಿ ಮಂಗಳೂರಿನ ಅಳಿವೆಯಲ್ಲಿ ಗುರುಪುರ ಹೊಳೆಯ ಜೊತೆಗೆ ಕಡಲನ್ನು ಸೇರುತ್ತದೆ. ಸಿಹಿನೀರು ಉಪ್ಪುನೀರು ಬೆರೆಯುವ ಆ ಜಾಗದ ನೀರನ್ನು ಕುರಿತು ಹೇಳುವಾಗ ಮಾತ್ರ ‘ಮಿಕ್ಸ್’ ಸರಿಯಾಗುತ್ತದೆ. ನದಿಗಳು ಕೂಡುತ್ತವೆ, ನೀರು ಬೆರೆಯುತ್ತದೆ. ಕನ್ನಡ ಪಾಲಿಸುವ ಈ ಭೇದವನ್ನೇ ಇಂಗ್ಲಿಷೂ ಪಾಲಿಸುತ್ತದೆ.

ಬೇರೆ ಬೇರೆ ಕಡೆಗಳಿಂದ ಹೊರಟದ್ದು ಒಂದು ಬಿಂದುವಿನತ್ತ ಬರುವುದು ‘ಕನ್ವರ್ಜ್’. ಎರಡು ವರ್ಷಗಳಿಗೊಮ್ಮೆ ಜನವರಿಯಲ್ಲಿ ಪರ್ಯಾಯದ ರಾತ್ರಿ ಉಡುಪಿಯ ರಥಬೀದಿಯತ್ತ ಎಲ್ಲ ದಾರಿಗಳಿಂದ ಜನ ಹರಿದುಬರುತ್ತಾರಲ್ಲ, ಆ ನೋಟಕ್ಕೆ ‘ಕನ್ವರ್ಜ್ ಆನ್’ ಎಂಬುದು ಹೇಳಿಮಾಡಿಸಿದ ಪದ. ಜನ ಅಲ್ಲಿ ಒಂದಾಗಿ ಕರಗುವುದಿಲ್ಲ, ಬೆಳಗಾದ ಮೇಲೆ ತಂತಮ್ಮ ಊರಿಗೆ ಮರಳುತ್ತಾರೆ. ಸರ್ವಿಸ್ ರಸ್ತೆಯ ವಾಹನಗಳು ಹೆದ್ದಾರಿಯ ಸಾಲಿನೊಳಗೆ ನುಸುಳಿ ಸೇರುವುದು ಮಾತ್ರ ‘ಮರ್ಜ್’. ಅಲ್ಲಿ ಚಿಕ್ಕ ಸಾಲು ದೊಡ್ಡ ಸಾಲಿನೊಳಗೆ ಅಡಗುತ್ತದೆ.

ತುಳುನಾಡಿನ ಆಟಿ ತಿಂಗಳ ಮಳೆಯಲ್ಲಿ ಕೆಸುವಿನ ಎಲೆಯನ್ನು ಹತ್ತಿರದಿಂದ ನೋಡಿದವರಿಗೆ ‘ಕೊಯಲೆಸ್’ ಎಂಬ ಪದವನ್ನು ವಿವರಿಸಬೇಕಾಗಿಲ್ಲ. ಎಲೆಗೆ ನೀರು ಅಂಟುವುದಿಲ್ಲ. ಹನಿಗಳು ಪಾದರಸದಂತೆ ಉರುಳುತ್ತಾ, ಒಂದಕ್ಕೊಂದು ತಾಗಿದೊಡನೆ ಒಂದೇ ಹನಿಯಾಗಿ, ಮತ್ತೆ ಇನ್ನೊಂದನ್ನು ತಾಗಿ ಇನ್ನೂ ದೊಡ್ಡದಾಗಿ, ಕೊನೆಗೆ ಎಲೆಯ ನಡುವಿನ ತಗ್ಗಿನಲ್ಲಿ ನಿಲ್ಲುತ್ತವೆ. ಯಾರೂ ಬೆರೆಸದೆ ತಾವಾಗಿಯೇ ಕೂಡಿ ಒಂದಾಗುವುದು ಈ ಪದದ ಜೀವಾಳ. ಹಾಗಾಗಿ ‘ನಾನು ಇವನ್ನು ಕೊಯಲೆಸ್ ಮಾಡಿದೆ’ ಎಂಬ ರಚನೆಯನ್ನು ಬಿಡುವುದೇ ಒಳ್ಳೆಯದು. ಚದುರಿದ ಅಸಮಾಧಾನಗಳು ಕೂಡಿ ಒಂದು ಚಳವಳಿಯಾಯಿತು ಎಂದು ಬರೆಯುವಾಗಲೂ ಇದನ್ನು ಬಳಸಬಹುದು.

ಲೋಹದ ಕೆಲಸದಿಂದ ಬಂದ ಪದಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಚಿನ್ನದಂಗಡಿಯಲ್ಲಿ ಎಲ್ಲರೂ ಕೇಳುವ 916 ಎಂಬ ಗುರುತಿನ ಅರ್ಥ, ಸಾವಿರ ಪಾಲಿನಲ್ಲಿ 916 ಪಾಲು ಚಿನ್ನ, ಉಳಿದದ್ದು ತಾಮ್ರ, ಬೆಳ್ಳಿ ಮೊದಲಾದ ಲೋಹ ಎಂದು. ಇಂತಹ ಲೋಹಮಿಶ್ರಣ ‘ಅಲಾಯ್’. ಪಾದರಸ ಸೇರಿದ್ದಾದರೆ ‘ಅಮಾಲ್ಗಮ್’. ಬ್ಯಾಂಕುಗಳ ‘ಅಮಾಲ್ಗಮೇಷನ್’ ಬಂದದ್ದು ಈ ಪದದಿಂದ. ಶಾಖದಿಂದ ಕರಗಿಸಿ ಬೆಸೆಯುವುದು ‘ಫ್ಯೂಸ್’. ಮನೆಯಲ್ಲಿ ಫ್ಯೂಸ್ ಹೋಯಿತು ಎನ್ನುವಾಗ ಕರಗಿದ ತಂತಿಯನ್ನೇ ಹೇಳುತ್ತೇವೆ. ಹೀಗೆ ಬೆಸೆದುಹೋದದ್ದನ್ನು ಸುಲಭವಾಗಿ ಬೇರ್ಪಡಿಸಲಾಗದು ಎಂಬ ಸೂಚನೆ ಈ ಪದದಲ್ಲಿದೆ.

ಜನ, ಭಾಷೆ, ಕಲೆ

ಮನುಷ್ಯರ ಕೂಡುವಿಕೆಯನ್ನು ಹೇಳುವಾಗ ಪದದ ಆಯ್ಕೆ ಇನ್ನೂ ಸೂಕ್ಷ್ಮವಾಗುತ್ತದೆ, ಏಕೆಂದರೆ ಅಲ್ಲಿ ಯಾರದೋ ಗುರುತಿನ ಪ್ರಶ್ನೆ ಇರುತ್ತದೆ. ಹೊಸದಾಗಿ ಬಂದವರು ತಮ್ಮ ಭಾಷೆ, ಆಚಾರಗಳನ್ನು ಉಳಿಸಿಕೊಂಡೇ ಊರಿನ ಬದುಕಿನಲ್ಲಿ ಪಾಲುಗೊಂಡರೆ ‘ಇಂಟಿಗ್ರೇಟ್’, ಅವನ್ನು ಬಿಟ್ಟು ಊರಿನವರಂತೆಯೇ ಆದರೆ ‘ಅಸಿಮಿಲೇಟ್’. ಒಂದರ ಬದಲು ಇನ್ನೊಂದನ್ನು ಬಳಸಿದರೆ ಒಂದು ಸಮುದಾಯದ ಕುರಿತು ಸುಳ್ಳು ಹೇಳಿದಂತಾಗುತ್ತದೆ. ತುಳು, ಕೊಂಕಣಿ, ಬ್ಯಾರಿ, ಕನ್ನಡಗಳು ಒಂದೇ ಬೀದಿಯಲ್ಲಿ ಕೇಳಿಸುವ ಮಂಗಳೂರನ್ನು ‘ಮೆಲ್ಟಿಂಗ್ ಪಾಟ್’ ಎಂದು ಕರೆಯುವುದನ್ನು ನಾನು ಒಪ್ಪುವುದಿಲ್ಲ. ಅದು ಎಲ್ಲವೂ ಕರಗಿ ಒಂದಾಗುವ ಮೂಸೆಯ ಚಿತ್ರ. ಇಲ್ಲಿ ಯಾವ ಭಾಷೆಯೂ ಹಾಗೆ ಕರಗಿಲ್ಲ. ‘ಮೊಸೇಯಿಕ್’ ಎಂಬುದು ಹೆಚ್ಚು ಸತ್ಯ. ಹಳೆಯ ಮನೆಗಳ ನೆಲದಲ್ಲಿ ಕಾಣುವಂತೆ ಬಣ್ಣದ ಚೂರುಗಳು ಬೇರೆ ಬೇರೆಯಾಗಿಯೇ ಇದ್ದು ಒಂದು ವಿನ್ಯಾಸವನ್ನು ಮೂಡಿಸುತ್ತವೆ. ಒಂದೇ ವಾಕ್ಯದಲ್ಲಿ ಎರಡು ಭಾಷೆಗಳ ಪದಗಳು ಬೆರೆತು ಬರುವುದಕ್ಕೆ ಭಾಷಾವಿಜ್ಞಾನದಲ್ಲಿ ‘ಕೋಡ್ ಮಿಕ್ಸಿಂಗ್’ ಎನ್ನುತ್ತಾರೆ.

1956ರ ನವೆಂಬರ್ 1ರಂದು ಮದ್ರಾಸ್ ರಾಜ್ಯದಲ್ಲಿದ್ದ ದಕ್ಷಿಣ ಕನ್ನಡ ಜಿಲ್ಲೆ, ಕಾಸರಗೋಡನ್ನು ಬಿಟ್ಟು, ಮೈಸೂರು ರಾಜ್ಯಕ್ಕೆ ಸೇರಿದ್ದನ್ನು ಒಳಗೊಂಡ ಏಕೀಕರಣಕ್ಕೆ ‘ಯೂನಿಫಿಕೇಷನ್’ ಎಂಬುದು ರೂಢಿ. ಒಂದಾಗಿರಬೇಕಾಗಿದ್ದು ಚದುರಿಹೋಗಿದ್ದವು ಮತ್ತೆ ಒಂದಾದವು ಎಂಬ ಭಾವ ಆ ಪದದಲ್ಲಿದೆ, ‘ಮರ್ಜರ್’ನಲ್ಲಿ ಅದು ಇಲ್ಲ. 1997ರಲ್ಲಿ ಉಡುಪಿ ಜಿಲ್ಲೆ ಪ್ರತ್ಯೇಕವಾದದ್ದು ಇದಕ್ಕೆ ವಿರುದ್ಧವಾದ ಕ್ರಿಯೆ, ‘ಬೈಫರ್ಕೇಷನ್’.

ಯಕ್ಷಗಾನ ಬಲ್ಲವರಿಗೆ ಜೋಡಾಟ, ಕೂಡಾಟಗಳ ವ್ಯತ್ಯಾಸ ಗೊತ್ತಿದೆ. ಜೋಡಾಟದಲ್ಲಿ ಎರಡು ಮೇಳಗಳು ಅಕ್ಕಪಕ್ಕದ ರಂಗಸ್ಥಳಗಳಲ್ಲಿ ಪೈಪೋಟಿಯಿಂದ ಆಡುತ್ತವೆ, ಕೂಡಾಟದಲ್ಲಿ ಎರಡು ಮೇಳಗಳ ಕಲಾವಿದರು ಒಂದೇ ರಂಗಸ್ಥಳಕ್ಕೆ ಬರುತ್ತಾರೆ. ಇಂಗ್ಲಿಷಿನಲ್ಲಿ ವಿವರಿಸುವವರು ಎರಡಕ್ಕೂ ‘ಕಂಬೈನ್ಡ್ ಷೋ’ ಎಂದು ಬರೆಯುವುದನ್ನು ನೋಡಿ ನನಗೆ ಬೇಸರವಾಗಿದೆ. ಕೂಡಾಟಕ್ಕೆ ‘ಜಾಯಿಂಟ್ ಪರ್ಫಾರ್ಮೆನ್ಸ್’ ಸರಿ. ಜೋಡಾಟದಲ್ಲಿ ಕೂಡುವಿಕೆಯೇ ಇಲ್ಲ, ಅಲ್ಲಿರುವುದು ‘ಸೈಡ್ ಬೈ ಸೈಡ್’, ಪಕ್ಕಪಕ್ಕದಲ್ಲಿ ನಡೆಯುವ ಸ್ಪರ್ಧೆ. ತೆಂಕುತಿಟ್ಟು, ಬಡಗುತಿಟ್ಟು ಎಂಬ ಎರಡು ಶೈಲಿಗಳ ವೇಷಗಳು ಒಂದೇ ಪ್ರಸಂಗದಲ್ಲಿ ಬಂದರೂ ಎರಡು ತಿಟ್ಟುಗಳ ಕುಣಿತ, ವೇಷಭೂಷಣ ತಮ್ಮ ಕ್ರಮದಲ್ಲಿಯೇ ಇದ್ದರೆ ಅದು ‘ಫ್ಯೂಷನ್’ ಆಗುವುದಿಲ್ಲ. ಎರಡೂ ಬೆಸೆದು ಮೂರನೆಯದೊಂದು ಹುಟ್ಟಿದರೆ ಮಾತ್ರ ಆ ಪದ ಸಲ್ಲುತ್ತದೆ. ಬೇರೆ ಬೇರೆ ಧಾರ್ಮಿಕ ಸಂಪ್ರದಾಯಗಳು ಒಂದೇ ನೆಲೆಯಲ್ಲಿ ಹೆಣೆದುಕೊಂಡಿರುವುದಕ್ಕೆ ‘ಸಿಂಕ್ರೆಟಿಕ್’ ಎಂಬ ವಿಶೇಷಣವಿದೆ. ಶೈವ ಮತ್ತು ನಾಥ ಪರಂಪರೆಗಳ ಜೊತೆಗೆ 968ರ ಶಾಸನವುಳ್ಳ, ಬೌದ್ಧರ ಬೋಧಿಸತ್ವನೆಂದು ಹಲವರು ಗುರುತಿಸುವ ಲೋಕೇಶ್ವರನ ಕಂಚಿನ ವಿಗ್ರಹವೂ ಇರುವ ಮಂಗಳೂರಿನ ಕದ್ರಿ ದೇವಸ್ಥಾನದ ಬಗ್ಗೆ ಬರೆಯುವವರು ಈ ಪದವನ್ನು ತಿಳಿದಿರಬೇಕು.

ಎರಡು ಪದಗಳ ತುಂಡುಗಳನ್ನು ಕೂಡಿಸಿ ಒಂದು ಪದ ಮಾಡುವುದನ್ನೂ ‘ಬ್ಲೆಂಡ್’ ಎನ್ನುತ್ತಾರೆ, ‘ಪೋರ್ಟ್‌ಮ್ಯಾಂಟೊ’ ಎಂಬ ಹೆಸರೂ ಇದೆ. ‘ಬ್ರೇಕ್‌ಫಾಸ್ಟ್’, ‘ಲಂಚ್’ ಕೂಡಿ ‘ಬ್ರಂಚ್’, ‘ಸ್ಮೋಕ್’, ‘ಫಾಗ್’ ಕೂಡಿ ‘ಸ್ಮಾಗ್’. ಸಂಸ್ಕೃತ, ಕನ್ನಡ ಪದಗಳು ಕೂಡಿದ ಸಮಾಸಕ್ಕೆ ನಮ್ಮ ಹಳೆಯ ವೈಯಾಕರಣರು ಅರಿಸಮಾಸ, ಅಂದರೆ ಶತ್ರುಗಳ ಸಮಾಸ, ಎಂದು ಹೆಸರಿಟ್ಟಿದ್ದರು.

ತಪ್ಪು ಬರುವ ಜಾಗಗಳು

‘ಮಿಕ್ಸ್’ ಬೇರೆ, ‘ಮಿಕ್ಸ್ ಅಪ್’ ಬೇರೆ. ಎರಡನೆಯದನ್ನು ಹೆಚ್ಚಾಗಿ ಬಳಸುವುದು ಒಂದನ್ನು ಇನ್ನೊಂದೆಂದು ತಪ್ಪು ತಿಳಿಯುವ ಅರ್ಥದಲ್ಲಿ. ಆಸ್ಪತ್ರೆಯಲ್ಲಿ ಇಬ್ಬರ ವರದಿಗಳು ‘ಮಿಕ್ಸ್ಡ್ ಅಪ್’ ಆದವು ಎಂದರೆ ಅದಲುಬದಲಾದವು ಎಂದರ್ಥ. ಎರಡು ಬೇರೆ ವಿಚಾರಗಳನ್ನು ಒಂದೇ ಎಂಬಂತೆ ವಾದಿಸುವುದು ‘ಕಾನ್‌ಫ್ಲೇಟ್’. ತುಳು ಮತ್ತು ಕೊಂಕಣಿಯನ್ನು ಒಂದೇ ಭಾಷೆ ಎಂದು ತಿಳಿಯುವ ಪರವೂರಿನವರ ತಪ್ಪನ್ನು ಈ ಪದದಿಂದ ಹೇಳಬಹುದು. ಕುಡಿಯುವ ನೀರಿಗೆ ಕೊಳಕು ಸೇರುವುದು ‘ಕಂಟಾಮಿನೇಟ್’, ಅಲ್ಲಿ ಮೋಸದ ಉದ್ದೇಶ ಇರಬೇಕೆಂದಿಲ್ಲ.

‘ಕಂಬೈನ್ ಟುಗೆದರ್’, ‘ಮರ್ಜ್ ಟುಗೆದರ್’ ಎಂದು ಬರೆಯುವ ರೂಢಿ ನಮ್ಮಲ್ಲಿ ಹೆಚ್ಚು, ಏಕೆಂದರೆ ಕನ್ನಡದಲ್ಲಿ ‘ಒಟ್ಟಿಗೆ ಸೇರಿಸು’ ಎನ್ನುತ್ತೇವೆ. ಆ ಕ್ರಿಯಾಪದಗಳ ಒಳಗೇ ‘ಒಟ್ಟಿಗೆ’ ಎಂಬುದು ಇದೆ. ‘ಟುಗೆದರ್’ ತೆಗೆದುಹಾಕಿದರೆ ವಾಕ್ಯ ಗಟ್ಟಿಯಾಗುತ್ತದೆ. ‘ಮಿಕ್ಸ್’ ಜೊತೆಗೆ ಮಾತ್ರ ಅದು ಹೊಂದುತ್ತದೆ.

ಉಪಸರ್ಗಾವ್ಯಯಗಳಲ್ಲಿ ಒಂದು ಕ್ರಮವನ್ನು ನೆನಪಿಡಬಹುದು. ಇಬ್ಬರೂ ಸಮಾನವಾಗಿ ಕೂಡುವಲ್ಲಿ ‘ವಿತ್’ ಬರುತ್ತದೆ: ‘ಮಿಕ್ಸ್ ವಿತ್’, ‘ಬ್ಲೆಂಡ್ ವಿತ್’, ‘ಕಂಬೈನ್ ವಿತ್’. ಚಿಕ್ಕದು ದೊಡ್ಡದರ ಒಳಗೆ ಹೋಗುವಲ್ಲಿ ‘ಇಂಟು’ ಬರುತ್ತದೆ: ‘ಫೋಲ್ಡ್ ಇಂಟು’, ‘ಅಸಿಮಿಲೇಟ್ ಇಂಟು’, ‘ಇನ್‌ಕಾರ್ಪೊರೇಟ್ ಇಂಟು’. ವರದಿಯ ಕರಡಿಗೆ ಹಿರಿಯರು ಕೊಟ್ಟ ಸಲಹೆಗಳನ್ನು ಅಳವಡಿಸಿದ್ದೇನೆ ಎಂದು ಪತ್ರ ಬರೆಯುವ ನೌಕರರಿಗೆ ಈ ಕೊನೆಯ ಪದ ದಿನವೂ ಬೇಕಾಗುತ್ತದೆ. ಅಲ್ಲಿ ‘ಸಜೆಷನ್ಸ್ ಹ್ಯಾವ್ ಬೀನ್ ಮಿಕ್ಸ್ಡ್’ ಎಂದು ಬರೆಯದೆ ‘ಸಜೆಷನ್ಸ್ ಹ್ಯಾವ್ ಬೀನ್ ಇನ್‌ಕಾರ್ಪೊರೇಟೆಡ್ ಇಂಟು ದ ರಿಪೋರ್ಟ್’ ಎಂದು ಬರೆಯಬೇಕು. ಹೆಸರೊಂದನ್ನು ಪಟ್ಟಿಗೆ ಸೇರಿಸಿದ್ದರೆ ‘ಆ್ಯಡೆಡ್ ಟು’, ಪಟ್ಟಿಯಲ್ಲಿ ಮೊದಲೇ ಇದ್ದರೆ ‘ಇನ್‌ಕ್ಲೂಡೆಡ್ ಇನ್’.